ಕಿವಿ ಕಾಯುವ ಉಲ್ಟಾ ಅಲೆ

ಮೈಸೂರಿನ ಮಂಡಕಳ್ಳಿಯಿಂದ ಏಳುವ ಪುಟ್ಟ ವಿಮಾನದ ಸದ್ದು ಕೇಳಿದಾಗೆಲ್ಲ ನನಗೆ ನಮ್ಮೂರ ಹಿಟ್ಟಿನ ಗಿರಣಿ ನೆನಪಾಗುತ್ತೆ. ಅಲ್ಲಿ ದುಡಿದವರ ಜೊತೆ ಕೂಗಿಯೇ ಮಾತಾಡಬೇಕಿತ್ತು. ಪೈಲಟ್‌ಗಳ ಕಿವಿಗೂ ಅದೇ ಅಪಾಯ.

1978ರಲ್ಲಿ ಜೂರಿಕ್‌ನಿಂದ ಅಮೆರಿಕಕ್ಕೆ ಮರಳುತ್ತಿದ್ದ ಅಮರ್ ಬೋಸ್‌ಗೆ ಎಂಜಿನ್ ಸದ್ದಿನಲ್ಲಿ ಹೆಡ್‌ಫೋನಿನ ಸಂಗೀತವೇ ಸರಿಯಾಗಿ ಕೇಳಿಸಲಿಲ್ಲ. ಬಂಗಾಳದಿಂದ ಹೋದ ಸ್ವಾತಂತ್ರ್ಯ ಹೋರಾಟಗಾರನ ಮಗ ಈತ. ಉಲ್ಟಾ ಅಲೆ ಸೇರಿಸಿ ಸದ್ದು ಅಡಗಿಸುವ ಲೆಕ್ಕವನ್ನು ವಿಮಾನದಲ್ಲೇ ಶುರುಮಾಡಿದರು. ಬೋಸ್ ಹೆಡ್‌ಸೆಟ್ 1989ರಲ್ಲಿ ಪೈಲಟ್‌ಗಳಿಗೆಂದೇ ಮಾರುಕಟ್ಟೆಗೆ ಬಂತು. ನಾವು ಆಫೀಸಲ್ಲಿ ಹಾಕ್ಕೊಳ್ಳೋದು ಅದರ ತಮ್ಮನನ್ನ.

ಆದರೆ ಉಲ್ಟಾ ಅಲೆ ಅಡಗಿಸೋದು ಮುಖ್ಯವಾಗಿ ಎಂಜಿನ್ನಿನ ಗುಡುಗುಡು. ಕೀರಲು ಸದ್ದು ತಡೆಯೋದು ಕಿವಿಮೆತ್ತೆ. ಅದಕ್ಕೇ ಕನ್ನಡಕದ ಸಮೇತ ಒಂದು ಗಂಟೆ ಹಾಕ್ಕೊಂಡು ನೋಡಿ. ನೋವಾದ್ರೆ ಸಡಿಲಿಸ್ತೀರಿ, ಸದ್ದು ಒಳಗೆ ನುಗ್ಗುತ್ತೆ. ಸದ್ದಿಗೆ ಸವೆದ ಕಿವಿ ಮತ್ತೆ ಚಿಗುರಲ್ಲ.