ಒಂದೇ ಕಂಪ್ಯೂಟರಿನಲ್ಲಿ ಕಾಣುವ ದೋಷ

1994ರ ಜೂನ್ ತಿಂಗಳು. ಅಮೆರಿಕದ ವರ್ಜೀನಿಯಾ ರಾಜ್ಯದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡಿಸುವ ದೀರ್ಘ ಲೆಕ್ಕವೊಂದನ್ನು ಹಲವು ಕಂಪ್ಯೂಟರುಗಳಿಗೆ ಹಂಚಿದ್ದರು. ಹೊಸದಾಗಿ ಸೇರಿಸಿದ ಪೆಂಟಿಯಂ ಯಂತ್ರದ ಉತ್ತರ ಮಾತ್ರ ತಾಳೆಯಾಗಲಿಲ್ಲ.

ನೈಸ್ಲಿ ಮೊದಲು ಅನುಮಾನಿಸಿದ್ದು ತಮ್ಮ ಕೋಡನ್ನೇ. ಆಮೇಲೆ ಕಂಪೈಲರ್, ಆಮೇಲೆ ಮದರ್‌ಬೋರ್ಡ್. ಒಂದೊಂದನ್ನೇ ಪರೀಕ್ಷಿಸಿ ಬದಿಗಿಡುತ್ತ ಹೋದರು. ಅದೇ ಲೆಕ್ಕ ಹಳೆಯ 486 ಯಂತ್ರದಲ್ಲಿ ಸರಿ ಬರುತ್ತಿತ್ತು. ಪೆಂಟಿಯಂನ ದಶಮಾಂಶ ಲೆಕ್ಕದ ಘಟಕವನ್ನು ಸ್ಥಗಿತಗೊಳಿಸಿದರೆ ಅಲ್ಲಿಯೂ ಸರಿ. ಅಕ್ಟೋಬರ್ ಹೊತ್ತಿಗೆ, 1ನ್ನು 824633702441ರಿಂದ ಭಾಗಿಸಿದರೆ ಸಾಕು, ಯಾರ ಮೇಜಿನ ಮೇಲಾದರೂ ತಪ್ಪು ಕಾಣುತ್ತದೆ ಎಂಬಷ್ಟು ಚಿಕ್ಕದಾಗಿ ಸಮಸ್ಯೆಯನ್ನು ಇಳಿಸಿದ್ದರು. ಬೇರೆಯವರ ಪೆಂಟಿಯಂಗಳೂ ಅದೇ ತಪ್ಪು ತೋರಿಸಿದವು. ಭಾಗಾಕಾರಕ್ಕೆಂದು ಚಿಪ್‌ನೊಳಗೆ ಇಟ್ಟಿದ್ದ ಕೋಷ್ಟಕದಲ್ಲಿ ಕೆಲವು ನಮೂದುಗಳೇ ಬಿಟ್ಟುಹೋಗಿದ್ದವು. ಪೆಂಟಿಯಂ ತಯಾರಿಸಿದ್ದ ಇಂಟೆಲ್ ಈ ತಪ್ಪಿಗೆ 47.5 ಕೋಟಿ ಡಾಲರ್ ತೆತ್ತಿತು. ಹೋಲಿಸು, ಒಂದೊಂದನ್ನೇ ಬದಲಿಸು, ಚಿಕ್ಕದು ಮಾಡು: ದೋಷ ಹುಡುಕುವ ವಿದ್ಯೆಯ ತಿರುಳೆಲ್ಲ ಆ ನಾಲ್ಕು ತಿಂಗಳ ಕೆಲಸದಲ್ಲಿದೆ.

ಯಂತ್ರಗಳ ನಡುವಿನ ವ್ಯತ್ಯಾಸವನ್ನು ಪಳಗಿಸುವ ಪ್ರಯತ್ನ ಅದಕ್ಕೂ ಮೊದಲೇ ಶುರುವಾಗಿತ್ತು. 1991ರಲ್ಲಿ ಬಂದ ಆಟೋಕಾನ್ಫ್, ಪ್ರತಿ ಯುನಿಕ್ಸ್ ಯಂತ್ರದಲ್ಲೂ ಏನಿದೆ, ಏನಿಲ್ಲ ಎಂದು ವಿಚಾರಿಸಿಕೊಂಡೇ ಪ್ರೋಗ್ರಾಮನ್ನು ಕಟ್ಟುವ ದಾರಿ ಹಾಕಿತು. ವಿಂಡೋಸ್‌ನಲ್ಲಿ ಗೋಳು ಬೇರೆ ಬಗೆಯದಾಗಿತ್ತು. ಒಂದು ತಂತ್ರಾಂಶ ಹಾಕಿಕೊಂಡರೆ ಅದು ಎಲ್ಲರೂ ಹಂಚಿಕೊಂಡಿದ್ದ ಡಿಎಲ್ಎಲ್ ಕಡತವನ್ನು ಬದಲಿಸುತ್ತಿತ್ತು, ಇನ್ನೊಂದು ತಂತ್ರಾಂಶ ನಿಲ್ಲುತ್ತಿತ್ತು.

ಮುಂದಿನ ದಾರಿ ಪ್ರತಿ ಪ್ರೋಗ್ರಾಮಿನ ಪರಿಸರವನ್ನು ಪ್ರತ್ಯೇಕಿಸುವುದು. 2003ರ ಸುಮಾರಿಗೆ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಎಲ್ಕೊ ಡೋಲ್ಸ್ಟ್ರಾ ಆರಂಭಿಸಿದ ನಿಕ್ಸ್, 2007ರ ವರ್ಚುವಲ್‌ಎನ್ವ್, 2010ರ ವ್ಯಾಗ್ರಂಟ್, 2013ರ ಡಾಕರ್ ಇದೇ ಸಾಲಿನವು. ಪರಿಸರವನ್ನೇ ಪೊಟ್ಟಣ ಕಟ್ಟಿ ಕಳಿಸುವ ಈ ಉಪಾಯ ಲಕ್ಷಾಂತರ ಗಂಟೆಗಳ ದುಡಿಮೆ ಉಳಿಸಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಇದರಿಂದ ವ್ಯತ್ಯಾಸ ಮರೆಯಾಗುತ್ತದೆಯೇ ಹೊರತು ಅದರ ಕಾರಣ ತಿಳಿಯುವುದಿಲ್ಲ. ಕಾರಣ ಹುಡುಕುವ ದಿಕ್ಕಿನಲ್ಲಿ ಹೆಚ್ಚು ದೂರ ನಡೆದವರು ಜರ್ಮನಿಯ ಆಂಡ್ರಿಯಾಸ್ ಝೆಲ್ಲರ್. ಕೆಲಸ ಮಾಡುವ ಮತ್ತು ಮಾಡದ ಸ್ಥಿತಿಗಳ ನಡುವಿನ ವ್ಯತ್ಯಾಸಗಳನ್ನು ಪ್ರೋಗ್ರಾಮೇ ಭಾಗ ಮಾಡುತ್ತ, ದೋಷಕ್ಕೆ ಸಾಕಾಗುವ ಕನಿಷ್ಠ ಅಂಶವನ್ನು ತಲುಪುವ ವಿಧಾನವನ್ನು ಅವರು 1999ರಲ್ಲಿ ಪ್ರಕಟಿಸಿದರು. ಅದಕ್ಕೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲ.

ಕನ್ನಡ ಪಠ್ಯಕ್ಕಾಗಿ ಕೋಡ್ ಬರೆಯುವವರಿಗೆ ಯಂತ್ರ ಬದಲಾದರೆ ಕೈಕೊಡುವ ಈ ಕಷ್ಟ ಹೊಸದಲ್ಲ. ಕನ್ನಡ ಪಠ್ಯವನ್ನು ಕಡತಕ್ಕೆ ಬರೆಯುವ ಪೈಥಾನ್ ಪ್ರೋಗ್ರಾಮ್ ಲಿನಕ್ಸ್‌ನಲ್ಲಿ ಸಲೀಸಾಗಿ ಓಡುತ್ತದೆ, ಗೆಳೆಯರ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಮುಗ್ಗರಿಸುತ್ತದೆ. ಅಲ್ಲಿನ ಪೂರ್ವನಿಯೋಜಿತ ಎನ್‌ಕೋಡಿಂಗ್ ಸಾಮಾನ್ಯವಾಗಿ ವಿಂಡೋಸ್-1252. ಅದರಲ್ಲಿ ನಮ್ಮ ಒಂದು ಅಕ್ಷರಕ್ಕೂ ಜಾಗವಿಲ್ಲ. ಪೈಥಾನ್ 3.15ರಿಂದ ಯುಟಿಎಫ್-8 ಪೂರ್ವನಿಯೋಜಿತವಾಗಬೇಕೆಂಬ ನಿರ್ಧಾರವಾಗಿದೆ. ಅಲ್ಲಿಯವರೆಗೆ ಕಡತ ತೆರೆಯುವಾಗಲೆಲ್ಲ ಎನ್‌ಕೋಡಿಂಗ್ ಹೆಸರಿಸಲೇಬೇಕು.

ಇಷ್ಟೆಲ್ಲ ಆದ ಮೇಲೂ ಯಂತ್ರದ ಮೇಲಿನ ಅನುಮಾನ ತೀರಿಲ್ಲ. 2021ರಲ್ಲಿ ಫೇಸ್‌ಬುಕ್ ಎಂಜಿನಿಯರುಗಳು ವಿಚಿತ್ರ ಪ್ರಕರಣವೊಂದನ್ನು ವರದಿ ಮಾಡಿದರು. ಸಂಕುಚಿತ ಕಡತಗಳನ್ನು ಬಿಡಿಸುವಾಗ ಕೆಲವು ಕಡತಗಳು ಕಾಣೆಯಾಗುತ್ತಿದ್ದವು. ಹುಡುಕುತ್ತ ಹೋದರೆ, ಒಂದು ಯಂತ್ರದ 59ನೇ ಕೋರ್ ಮಾತ್ರ 1.1ರ 53ನೇ ಘಾತದ ಪೂರ್ಣಾಂಕ ಭಾಗವನ್ನು 156ರ ಬದಲು 0 ಎಂದು ಲೆಕ್ಕ ಹಾಕುತ್ತಿತ್ತು. ಕ್ರ್ಯಾಶ್ ಇಲ್ಲ, ಎಚ್ಚರಿಕೆಯ ಸಂದೇಶವೂ ಇಲ್ಲ. ಅದೇ ವರ್ಷ ಗೂಗಲ್ ಕೂಡ, ಕೆಲವು ಸಾವಿರ ಯಂತ್ರಗಳಿಗೆ ಇಂಥ ಕೆಲವೇ ಕೋರ್‌ಗಳು ಸಿಗುತ್ತವೆ ಎಂದು ತಿಳಿಸಿತು. ಯಾವ ಡಾಕರ್ ಪೊಟ್ಟಣವೂ ಇದನ್ನು ತಡೆಯಲಾರದು.

ಆದ್ದರಿಂದ ಪ್ರೋಗ್ರಾಮರ್ ಗೆಳೆಯರಲ್ಲಿ ಒಂದು ಕೋರಿಕೆ. ದೋಷ ಒಬ್ಬರ ಕಂಪ್ಯೂಟರಿನಲ್ಲಿ ಮಾತ್ರ ಬರುತ್ತದೆ ಎಂಬ ದೂರು ಬಂದಾಗ, ನಿಮ್ಮಲ್ಲಿ ಸರಿಯಿದೆ ಎಂದು ಮುಚ್ಚಿಬಿಡಬೇಡಿ. ಆ ಯಂತ್ರದ ಆಪರೇಟಿಂಗ್ ಸಿಸ್ಟಂ, ಲೈಬ್ರರಿ ಆವೃತ್ತಿಗಳು, ಭಾಷಾ ಸೆಟ್ಟಿಂಗ್, ಪ್ರೊಸೆಸರ್ ಇವೆಲ್ಲವನ್ನೂ ಕೇಳಿ ಬರೆದುಕೊಳ್ಳಿ, ನಿಮ್ಮ ಯಂತ್ರದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.