ಕಾಯಿ ದಾಟಿತು, ಹುಳು ದಾಟಲಿಲ್ಲ

ಅಪ್ಸರಕೊಂಡದ ಗುಡ್ಡದಿಂದ ಕೆಳಗೆ ನೋಡಿದರೆ ತೆಂಗು, ಮರಳು, ಅದರಾಚೆ ಅರಬ್ಬಿ ಸಮುದ್ರ. ಉತ್ತರಕ್ಕೆ ಶರಾವತಿ ಕಡಲು ಸೇರುವ ಹೊನ್ನಾವರ, ದಕ್ಷಿಣಕ್ಕೆ ಭಟ್ಕಳ. ಈ ಕರಾವಳಿಯ ಚರಿತ್ರೆ ಬರೆದವರೆಲ್ಲ ಕಾಳುಮೆಣಸು, ಅರಬ್ಬಿ ಕುದುರೆ, ಪೋರ್ಚುಗೀಸರು, ಗೇರುಸೊಪ್ಪೆಯ ಚೆನ್ನಭೈರಾದೇವಿ ಎಂದು ಸಾಗುತ್ತಾರೆ. ಇಲ್ಲಿನ ತೆಂಗನ್ನು ಕಾಡುವ ಎರಡು ಹುಳುಗಳಿಗೆ ಆ ಚರಿತ್ರೆಯಲ್ಲಿ ಒಂದು ಸಾಲೂ ಸಿಕ್ಕಿಲ್ಲ. ಆದರೆ ಅರಬ್ ದೇಶಗಳ ಖರ್ಜೂರದ ತೋಟಗಾರನನ್ನೋ ಶಾಂತಸಾಗರದ ದ್ವೀಪದವನನ್ನೋ ಕೇಳಿದರೆ ಅವನು ಮೆಣಸಿನ ಮಾತೆತ್ತುವುದಿಲ್ಲ, ಈ ಹುಳುಗಳ ಹೆಸರನ್ನೇ ಹೇಳುತ್ತಾನೆ. ನಮ್ಮ ಪಾಲಿಗೆ ಮನೆಯ ಹಳೆಯ ಉಪದ್ರವವಾದದ್ದು ಅವರ ಪಾಲಿಗೆ ದಂಡೆತ್ತಿ ಬಂದ ಶತ್ರು. ಈ ದಂಡಯಾತ್ರೆಗೆ ಕಾರಣ ಹುಳುವಿನ ಸ್ವಭಾವವಲ್ಲ, ಗಿಡವನ್ನು ಬೇರು-ಮಣ್ಣು ಸಮೇತ ಜೀವಂತ ಸಾಗಿಸುವ ಪದ್ಧತಿ ಎಂಬುದು ನನ್ನ ವಾದ.

ಮೊದಲನೆಯದು ಕುರುವಾಯಿ, ಮೂತಿಯ ಮೇಲೆ ಕೊಂಬಿರುವ ಕಪ್ಪು ದುಂಬಿ. 1758ರಲ್ಲಿ ಲಿನೇಯಸ್ ಇದಕ್ಕೆ ಘೇಂಡಾಮೃಗದ ಹೆಸರನ್ನೇ ಇಟ್ಟ. ಇದರ ಮರಿಹುಳು ಗೊಬ್ಬರಗುಂಡಿಯಲ್ಲಿ, ಕೊಳೆತ ದಿಮ್ಮಿಯಲ್ಲಿ ಬೆಳೆಯುತ್ತದೆ. ದುಂಬಿಯಾದ ಮೇಲೆ ತೆಂಗಿನ ಸುಳಿಗೆ ನುಗ್ಗುತ್ತದೆ. ಆಮೇಲೆ ಬಿಚ್ಚಿಕೊಳ್ಳುವ ಗರಿ ಕತ್ತರಿಯಲ್ಲಿ ಕತ್ತರಿಸಿದ ಬೀಸಣಿಗೆಯಂತೆ ಕಾಣುತ್ತದೆ. ಎರಡನೆಯದು ಕೆಂಪು ಮೂತಿ ಹುಳು, 1790ರಲ್ಲಿ ಒಲಿವಿಯರ್ ಎಂಬ ಫ್ರೆಂಚ್ ಪಂಡಿತ ಹೆಸರಿಟ್ಟದ್ದು. ಕುರುವಾಯಿ ಕೊರೆದ ಗಾಯವೋ ಕತ್ತಿ ತಾಗಿದ ಕಚ್ಚೋ ಸಿಕ್ಕರೆ ಇದು ಅಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಕಾಂಡದೊಳಗೇ ತಿಂದು ತಿಂದು ಟೊಳ್ಳು ಮಾಡುತ್ತವೆ. ಹೊರಗೆ ಹಸಿರಾಗಿ ನಿಂತ ಮರ ಒಂದು ದಿನ ಸುಳಿ ಬಾಗಿಸಿದಾಗಲೇ ವಿಷಯ ತಿಳಿಯುವುದು. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಈಗ ಒಗಟಿಗೆ ಬರೋಣ. ಈ ತೀರಕ್ಕೂ ಅರೇಬಿಯಾಕ್ಕೂ ಶತಮಾನಗಳ ಸಮುದ್ರ ವ್ಯಾಪಾರವಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಪ್ರವಾಸಿ ಇಬ್ನ್ ಬತೂತ ಹೊನ್ನಾವರದಲ್ಲಿ ತಂಗಿದ್ದ. ವಿಜಯನಗರದ ಲಾಯಗಳಿಗೆ ಹೋಗುವ ಕುದುರೆಗಳು ಹೋರ್ಮುಜ್‌ನಿಂದ ಬಂದು ಭಟ್ಕಳದಲ್ಲಿ ಇಳಿಯುತ್ತಿದ್ದವು, ಮರಳುವ ಹಡಗುಗಳು ಅಕ್ಕಿ, ಸಕ್ಕರೆ, ಮೆಣಸು ಹೇರಿಕೊಂಡು ಹೋಗುತ್ತಿದ್ದವು. ಆ ಕಾಲದ ಎಷ್ಟೋ ಹಡಗುಗಳ ಹಲಗೆಗಳನ್ನು ಹೊಲಿದಿದ್ದೇ ತೆಂಗಿನ ನಾರಿನ ಹಗ್ಗದಿಂದ. ಇನ್ನೂ ಮುಖ್ಯವಾದ ಮಾತೆಂದರೆ ತೆಂಗೇ ಕಡಲು ದಾಟಿತ್ತು: ದಕ್ಷಿಣ ಅರೇಬಿಯಾದ ಧೋಫಾರ್‌ನಲ್ಲಿ ತೆಂಗಿನ ಮರಗಳನ್ನು ಕಂಡದ್ದನ್ನು ಅದೇ ಇಬ್ನ್ ಬತೂತ ಬರೆದಿದ್ದಾನೆ. ಆಚೆ ದಡದಲ್ಲಿ ಖರ್ಜೂರದ ಸಾಗರವೇ ಇತ್ತು, ಕೆಂಪು ಮೂತಿ ಹುಳುವಿಗೆ ತೆಂಗಿನಷ್ಟೇ ರುಚಿಯ ಮರ ಅದು. ಆದರೂ ಆ ತೋಟಗಳನ್ನು ಹುಳು ಆಕ್ರಮಿಸಿದ್ದು 1980ರ ದಶಕದ ನಡುವಿನಲ್ಲಿ. ಅಷ್ಟು ಕಾಲ ತೆರೆದಿದ್ದ ಬಾಗಿಲಿನಿಂದ ಅದು ಒಳಗೆ ಕಾಲಿಡದೇ ಇದ್ದುದೇಕೆ?

ಒಣಗಿದ ಕಾಯಿಯಲ್ಲಿ, ಹೊಸೆದ ಹಗ್ಗದಲ್ಲಿ, ಮೆಣಸಿನ ಮೂಟೆಯಲ್ಲಿ ಈ ಹುಳುವಿಗೆ ಮನೆಯಿಲ್ಲ ಎಂಬುದೇ ನನಗೆ ತೋರುವ ಉತ್ತರ. ಅದಕ್ಕೆ ಬೇಕಾದದ್ದು ರಸವಿರುವ ಜೀವಂತ ಕಾಂಡ. ತೆಂಗಿನ ಕಾಯಿ ತನ್ನ ಸಂತಾನಕ್ಕೆ ಬೇಕಾದ ಬುತ್ತಿ, ನೀರು ಎಲ್ಲವನ್ನೂ ತಾನೇ ಕಟ್ಟಿಕೊಂಡು ಹೊರಡುವ ಪ್ರಯಾಣಿಕ, ಹುಳುವನ್ನು ಜೊತೆಗೆ ಕರೆದೊಯ್ಯುವುದಿಲ್ಲ. ಈ ಲೆಕ್ಕಾಚಾರ ಬದಲಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಗಾಜಿನ ಮುಚ್ಚಿದ ಪೆಟ್ಟಿಗೆಯಲ್ಲಿ ಗಿಡ ಬದುಕುತ್ತದೆಂದು ಕಂಡುಕೊಂಡ, ಅಲ್ಲಿಂದ ಮುಂದೆ ಗಿಡಗಳು ಮಣ್ಣು ಸಮೇತ ಸಮುದ್ರಯಾನ ಮಾಡತೊಡಗಿದವು. 1848ರಲ್ಲಿ ಕ್ಯೂ ಉದ್ಯಾನದ ತಾಳೆಮನೆ ಸಿದ್ಧವಾಯಿತು, 1889ರಲ್ಲಿ ನಮ್ಮ ಲಾಲ್‌ಬಾಗಿನ ಗಾಜಿನಮನೆಗೂ ಅಡಿಗಲ್ಲು ಬಿತ್ತು. ಉಷ್ಣವಲಯದ ಆರ್ಕಿಡ್‌ಗಳ ಕಾಂಡ ಕೊರೆಯುವ ಪುಟ್ಟ ದುಂಬಿಗಳು ಯುರೋಪಿನ ಗಾಜಿನಮನೆಗಳಲ್ಲಿ ಆ ಶತಮಾನದೊಳಗೇ ಕಾಣಿಸಿಕೊಂಡವು. ಹೊರಗೆ ಹಿಮ ಸುರಿಯುತ್ತಿದ್ದುದರಿಂದ ಅವು ಒಳಗೇ ಕೈದಿಗಳಾಗಿ ಉಳಿದವು. ಹಿಮ ಬೀಳದ ನೆಲಕ್ಕೆ ಅದೇ ಬಗೆಯಲ್ಲಿ ಗಿಡ ಹೋದಾಗ ಏನಾಯಿತೆಂಬುದಕ್ಕೆ ಶಾಂತಸಾಗರದ ಸಮೋವಾ ದ್ವೀಪ ಸಾಕ್ಷಿ. 1909ರಲ್ಲಿ ಸಿಲೋನಿನಿಂದ ರಬ್ಬರ್ ಸಸಿಗಳು ಅಲ್ಲಿಗೆ ಹೋದವು, ಅವುಗಳೊಂದಿಗೆ ಕುರುವಾಯಿಯೂ ಹೋಯಿತು. ರಬ್ಬರ್ ಮರಕ್ಕೂ ಕುರುವಾಯಿಗೂ ಯಾವ ನಂಟೂ ಇಲ್ಲ. ಮಣ್ಣೇ ಅದನ್ನು ಹೊತ್ತೊಯ್ದಿರಬೇಕು.

ಕೆಂಪು ಮೂತಿಯ ಕಥೆಯೂ ಹೀಗೇ. ಎಣ್ಣೆಯ ಹಣದಲ್ಲಿ ಗಲ್ಫ್‌ನ ನಗರಗಳು ಮೈದುಂಬಿಕೊಂಡಾಗ ರಸ್ತೆ ಬದಿಗೆ, ಹೋಟೆಲಿನ ಅಂಗಳಕ್ಕೆ ಬೆಳೆದ ತಾಳೆಮರಗಳೇ ಬೇಕಾದವು. ಬೀಜ ಹಾಕಿ ಹದಿನೈದು ವರ್ಷ ಕಾಯುವ ವ್ಯವಧಾನ ಯಾರಿಗೂ ಇರಲಿಲ್ಲ, ಬೆಳೆದ ಮರಗಳನ್ನೇ ತರಿಸಿದರು, ಅವುಗಳೊಳಗೆ ಹುಳುವೂ ಬಂತು. ಈಜಿಪ್ಟಿಗೆ 1992ರಲ್ಲಿ, ಒಮಾನಿಗೆ 1993ರಲ್ಲಿ ಹುಳು ಬಂತು. ಈಜಿಪ್ಟಿನಿಂದ ತರಿಸಿದ ಖರ್ಜೂರದ ಮರಗಳ ಜೊತೆ ಅದೇ ದಶಕದಲ್ಲಿ ಸ್ಪೇನ್ ಸೇರಿತು, 2004ರಲ್ಲಿ ಇಟಲಿ, 2006ರಲ್ಲಿ ಫ್ರಾನ್ಸ್. ಭಟ್ಕಳದ ಹುಡುಗರು ದುಬೈ ದಾರಿ ಹಿಡಿದ ದಶಕಗಳೂ ಇವೇ ಎಂದು ಯಾರಾದರೂ ಇವೆರಡನ್ನು ಗಂಟುಹಾಕಬಹುದು. ಅದು ತಪ್ಪು. ಮನುಷ್ಯನ ಪೆಟ್ಟಿಗೆಯಲ್ಲಿ ಹೋದದ್ದು ಉಪ್ಪಿನಕಾಯಿ, ಹುಳು ಹೋದದ್ದು ಮರದ ಹೊಟ್ಟೆಯಲ್ಲಿ.

ಆಕ್ಷೇಪಗಳಿಲ್ಲದೆ ಇಲ್ಲ. ಹಾಯಿಹಡಗು ನಿಧಾನ, ದಾರಿಯಲ್ಲೇ ಹುಳು ಸಾಯುತ್ತಿತ್ತು, ವೇಗ ಬಂದ ಮೇಲೆ ಬದುಕಿ ತಲುಪಿತು ಎನ್ನಬಹುದು. ಆದರೆ ಅನುಕೂಲ ಗಾಳಿಯಿದ್ದರೆ ಅರೇಬಿಯಾದ ದಾರಿ ಕೆಲವೇ ವಾರಗಳದ್ದು, ಬೆಳೆದ ಹುಳು ಎರಡು-ಮೂರು ತಿಂಗಳು ಬದುಕುತ್ತದೆ. ಕಾಲ ಅಡ್ಡಿಯಾಗಿರಲಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಮೊದಲ ಮಹಾಯುದ್ಧದ ಹೊತ್ತಿಗೇ ಮೆಸಪೊಟೇಮಿಯಾದ ಖರ್ಜೂರದಲ್ಲಿ ಈ ಹುಳುವಿನ ಉಲ್ಲೇಖವಿದೆ. ಇರಲಿ, ಒಪ್ಪೋಣ. ಒಂದೆರಡು ಹುಳುಗಳು ಎಂದೋ ದಾಟಿರಲಿಕ್ಕೂ ಸಾಕು. ಆದರೆ ಆ ಉಲ್ಲೇಖದ ಬೆನ್ನಿಗೆ ತೋಟಗಳು ಒರಗಲಿಲ್ಲ. ಇರಾಕಿನ ಬಸ್ರಾ ಕಡೆ ಹುಳು ಮತ್ತೆ ಸುದ್ದಿಯಾದದ್ದು 2015ರಲ್ಲಿ. ಒಂಟಿ ಹುಳು ದಾಟುವುದು ಬೇರೆ, ಒಂದೇ ಕಾಂಡದೊಳಗೆ ಹತ್ತಾರು ಮರಿಗಳ ಸಂಸಾರವೇ ದಾಟುವುದು ಬೇರೆ.

ಹಾಗಾದರೆ ತವರಿನಲ್ಲಿ ಈ ಎರಡು ಹುಳುಗಳೇಕೆ ಪ್ರಳಯ ತರಲಿಲ್ಲ? ಒಂದು, ತವರಿನಲ್ಲಿ ಶತ್ರುಗಳೂ ಇದ್ದಾರೆ. ಕುರುವಾಯಿಯನ್ನು ಕೊಲ್ಲುವ ವೈರಾಣುವನ್ನು 1963ರಲ್ಲಿ ಹ್ಯೂಗರ್ ಎಂಬ ವಿಜ್ಞಾನಿ ಮಲೇಷ್ಯಾದಲ್ಲಿ ಗುರುತಿಸಿದ, 1967ರಲ್ಲಿ ಅದನ್ನು ಸಮೋವಾದಲ್ಲಿ ಬಿಟ್ಟ ಮೇಲೆ ಅಲ್ಲಿನ ತೆಂಗು ಉಸಿರಾಡಿತು. ಮುಂದೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಲಕ್ಷದ್ವೀಪದಲ್ಲೂ ಅದನ್ನೇ ಬಳಸಿದರು. ಇನ್ನೊಂದು ತೋಟಗಾರಿಕೆಯ ರೂಢಿ: ಸುಳಿಗೆ ಕಬ್ಬಿಣದ ಕೊಕ್ಕೆ ಹಾಕಿ ದುಂಬಿ ಎಳೆಯುವುದು, ಎಲೆಯ ಸಂದಿಗೆ ಮರಳು ಬೆರೆಸಿದ ಬೇವಿನ ಹಿಂಡಿ ತುಂಬುವುದು, ಸತ್ತ ಮರವನ್ನು ಕೊಳೆಯಲು ಬಿಡದಿರುವುದು. ಮರ ಹತ್ತುವವರು ಕಡಿಮೆಯಾದಂತೆ ಈ ರೂಢಿ ಸಡಿಲವಾಗಿದೆ ಎಂಬುದನ್ನೂ ಹೇಳಲೇಬೇಕು.

ಈಗ ಗಾಳಿ ತಿರುಗಿದೆ, ಹೊರಗಿನ ಹುಳುಗಳು ನಮ್ಮತ್ತ ಬರುತ್ತಿವೆ. 1999ರ ಸುಮಾರಿಗೆ ಮಾಲ್ಡೀವ್ಸ್‌ನ ರೆಸಾರ್ಟೊಂದರ ಅಲಂಕಾರಕ್ಕೆ ಆಗ್ನೇಯ ಏಷ್ಯಾದಿಂದ ತಂದ ತಾಳೆಗಿಡಗಳೊಂದಿಗೆ ತೆಂಗಿನ ಎಳೆಗರಿ ತಿನ್ನುವ ದುಂಬಿ ಬಂದಿಳಿಯಿತು. ಅಲ್ಲಿಂದ ನಮ್ಮ ಲಕ್ಷದ್ವೀಪದ ಮಿನಿಕಾಯ್ ದೂರವೇನಲ್ಲ. 2016ರಲ್ಲಿ ಮಧ್ಯ ಅಮೆರಿಕದ ಸುರುಳಿ ಬಿಳಿನೊಣ ದಕ್ಷಿಣ ಭಾರತದ ತೆಂಗಿಗೆ ಬಂದೇಬಿಟ್ಟಿತು. ಅಪ್ಸರಕೊಂಡದ ಪಕ್ಕದ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಪ್ರವಾಸಿಗರು ಬಂದಲ್ಲಿಗೆ ಹೋಂಸ್ಟೇ, ರೆಸಾರ್ಟುಗಳೂ ಬರುತ್ತವೆ, ಅವುಗಳ ಅಂಗಳಕ್ಕೆ ಬೇರಿನ ಮುದ್ದೆ ಸಮೇತ ದೊಡ್ಡ ತಾಳೆಗಿಡಗಳು ಲಾರಿಯಲ್ಲಿ ಬರುತ್ತವೆ. ಹೊರದೇಶದ ಕೀಟಗಳನ್ನು ಬಂದರಿನಲ್ಲೇ ತಡೆಯಲು ನಮಗೆ 1914ರಿಂದಲೂ ಕಾಯಿದೆಯಿದೆ; ನರ್ಸರಿಯ ಲಾರಿಗೆ ಬಂದರಿಲ್ಲ. ಅಂಗಳಕ್ಕೆ ತೆಂಗು ಬೇಕೆನ್ನುವವರು ದಯವಿಟ್ಟು ಪಕ್ಕದ ತೋಟದಿಂದ ಒಳ್ಳೆಯದೊಂದು ಬೀಜದ ಕಾಯಿ ತಂದು ನೆಡಲಿ.