ಎಣಿಕೆಯಲ್ಲಿ ಕರಗಿದ ಅಭಿಪ್ರಾಯ: ಇಂದಿರಾ ಗಾಂಧಿ ಮತ್ತು ಗಡಿನಾಡ ಕನ್ನಡಿಗರು (1966–1983)

1977ರ ಮಾರ್ಚ್ ತಿಂಗಳಲ್ಲಿ ನಡೆದ ಲೋಕಸಭಾ ಚುನಾವಣೆಯ ಫಲಿತಾಂಶವನ್ನು ಉತ್ತರ ಮತ್ತು ದಕ್ಷಿಣ ಭಾರತಗಳು ಇಂದಿರಾ ಗಾಂಧಿಯವರ ಬಗ್ಗೆ ನೀಡಿದ ಎರಡು ಭಿನ್ನ ತೀರ್ಪುಗಳೆಂದು ಓದುವುದು ವಾಡಿಕೆ. ಉತ್ತರ ಪ್ರದೇಶದ 85 ಹಾಗೂ ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದಕ್ಕಲಿಲ್ಲ. ರಾಯಬರೇಲಿಯಲ್ಲಿ ಸ್ವತಃ ಪ್ರಧಾನಿಯೇ ರಾಜನಾರಾಯಣರ ಎದುರು ಸುಮಾರು 55 ಸಾವಿರ ಮತಗಳಿಂದ ಸೋತರು. ದಕ್ಷಿಣದಲ್ಲಿ ಚಿತ್ರವೇ ಬೇರೆಯಾಗಿತ್ತು. ಕರ್ನಾಟಕದ 28ರಲ್ಲಿ 26, ಆಂಧ್ರ ಪ್ರದೇಶದ 42ರಲ್ಲಿ 41 ಸ್ಥಾನಗಳು ಕಾಂಗ್ರೆಸ್ಸಿಗೆ ಬಂದವು. ಕೇರಳದ 20 ಸ್ಥಾನಗಳನ್ನೂ ಕಾಂಗ್ರೆಸ್ ಮತ್ತು ಸಿಪಿಐ ಇದ್ದ ರಂಗವೇ ಗೆದ್ದುಕೊಂಡಿತು. ತಮಿಳುನಾಡಿನಲ್ಲಿ ಅಣ್ಣಾ ಡಿಎಂಕೆಯೊಡನೆ ಮಾಡಿಕೊಂಡ ಮೈತ್ರಿ 39ರಲ್ಲಿ 34 ಸ್ಥಾನ ಪಡೆಯಿತು. ಇವೆರಡರ ನಡುವೆ ನಿಂತ ಮಹಾರಾಷ್ಟ್ರದಲ್ಲಿ ಕಾಂಗ್ರೆಸ್ಸಿಗೆ 48ರಲ್ಲಿ 20 ಸ್ಥಾನಗಳು ದೊರೆತವು.

ಈ ಭಿನ್ನತೆಗೆ ಕೊಡಲಾಗುವ ಕಾರಣಗಳೂ ಪರಿಚಿತವೇ. ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಕೊಳೆಗೇರಿಗಳ ನೆಲಸಮದ ಬಿಸಿ ಉತ್ತರಕ್ಕೆ ಹೆಚ್ಚು ತಟ್ಟಿತು. ದಕ್ಷಿಣದಲ್ಲಿ ತುರ್ತುಪರಿಸ್ಥಿತಿಯ ಕ್ರೌರ್ಯ ಜನಸಾಮಾನ್ಯರ ಮನೆಬಾಗಿಲಿಗೆ ಅಷ್ಟಾಗಿ ಬರಲಿಲ್ಲ. ಕರ್ನಾಟಕದಲ್ಲಿ ದೇವರಾಜ ಅರಸರ ಭೂಸುಧಾರಣೆ ಪಕ್ಷಕ್ಕೆ ನೆಲೆಯೊದಗಿಸಿತು. ಈ ವಿವರಣೆಗಳು ತಪ್ಪೆನ್ನುವಂತಿಲ್ಲ. ಆದರೆ ಇವೆಲ್ಲವೂ ರಾಜ್ಯವನ್ನೇ ಅಭಿಪ್ರಾಯದ ಘಟಕವೆಂದು ಹಿಡಿಯುತ್ತವೆ. ಕರ್ನಾಟಕ ಹೀಗೆ ಹೇಳಿತು, ಆಂಧ್ರ ಹೀಗೆ ಹೇಳಿತು ಎಂಬ ವಾಕ್ಯಗಳಲ್ಲಿ ಮಂಜೇಶ್ವರದ, ಅಕ್ಕಲಕೋಟೆಯ, ಆದವಾನಿಯ, ತಾಳವಾಡಿಯ ಕನ್ನಡಿಗ ಏನು ಹೇಳಿದನೆಂಬುದು ಕಾಣುವುದಿಲ್ಲ. ಒಂದೇ ಭಾಷೆಯ ಜನ ನಾಲ್ಕಾರು ರಾಜ್ಯಗಳ ಮತಪೆಟ್ಟಿಗೆಗಳಲ್ಲಿ ಹಂಚಿಹೋದಾಗ ಅವರ ರಾಷ್ಟ್ರೀಯ ಅಭಿಪ್ರಾಯಕ್ಕೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸಲು ಇಂದಿರಾ ಗಾಂಧಿಯವರ ಕಾಲ ತಕ್ಕ ನಿದರ್ಶನವಾಗಿದೆ. ಗಡಿನಾಡಿಗೂ ಈ ನಾಯಕಿಗೂ ಇದ್ದ ಸಂಬಂಧ ತುರ್ತುಪರಿಸ್ಥಿತಿಗಿಂತ ಹಳೆಯದು.

1966ರ ಜನವರಿಯಲ್ಲಿ ಅವರು ಪ್ರಧಾನಿಯಾದರು. ಮಹಾರಾಷ್ಟ್ರದ ಬೇಡಿಕೆ ಮತ್ತು ಸೇನಾಪತಿ ಬಾಪಟರ ಉಪವಾಸದ ಒತ್ತಡದ ನಡುವೆ ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನರ ಏಕಸದಸ್ಯ ಆಯೋಗವನ್ನು ನೇಮಿಸಿತು. 1967ರ ಆಗಸ್ಟಿನಲ್ಲಿ ಬಂದ ವರದಿ ಬೆಳಗಾವಿಯನ್ನು ಮೈಸೂರು ರಾಜ್ಯದಲ್ಲೇ ಉಳಿಸಬೇಕೆಂದಿತು; ಮೈಸೂರಿನ ಕೆಲವು ಹಳ್ಳಿಗಳನ್ನು ಮಹಾರಾಷ್ಟ್ರಕ್ಕೆ ಕೊಡುವಂತೆಯೂ, ಜತ್ತ, ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದ ಪ್ರದೇಶಗಳನ್ನೂ ಕಾಸರಗೋಡಿನ ಚಂದ್ರಗಿರಿ ನದಿಯ ಉತ್ತರ ಭಾಗವನ್ನೂ ಮೈಸೂರಿಗೆ ಸೇರಿಸುವಂತೆಯೂ ಶಿಫಾರಸು ಮಾಡಿತು. ಮೈಸೂರು ಸರ್ಕಾರ ವರದಿಯನ್ನು ಒಪ್ಪಿತು, ಮಹಾರಾಷ್ಟ್ರ ತಿರಸ್ಕರಿಸಿತು. ಆಯೋಗವನ್ನು ನೇಮಿಸಿದ ಕೇಂದ್ರ ಸರ್ಕಾರ ವರದಿಯನ್ನು ಜಾರಿಗೊಳಿಸಲಿಲ್ಲ.

ಅಂದರೆ ಕಾಸರಗೋಡು ಮತ್ತು ಸೊಲ್ಲಾಪುರ ಸೀಮೆಗಳ ಕನ್ನಡ ಸಂಘಟನೆಗಳು ತಮ್ಮ ಬದುಕಿನ ಮೊದಲ ಪ್ರಶ್ನೆಯೆಂದು ಕರೆಯುತ್ತಿದ್ದ ವಿಷಯದಲ್ಲಿ ತೀರ್ಮಾನ ತಡೆಹಿಡಿದದ್ದು ಇಂದಿರಾ ಗಾಂಧಿಯವರ ಆಡಳಿತ. ಇದರಿಂದ ಆ ಸೀಮೆಗಳ ಕನ್ನಡಿಗರೆಲ್ಲ ಅವರ ವಿರುದ್ಧ ನಿಂತಿರಬೇಕೆಂದು ಊಹಿಸುವುದು ಸಹಜ. ಮಂಜೇಶ್ವರ ವಿಧಾನಸಭಾ ಕ್ಷೇತ್ರದ ಇತಿಹಾಸ ಈ ಊಹೆಯನ್ನು ಸಮರ್ಥಿಸುವುದಿಲ್ಲ.

1957ರಲ್ಲಿ ಕೇರಳದ ಮೊದಲ ವಿಧಾನಸಭೆಗೆ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಬಳಿಕ 1960, 1965 ಮತ್ತು 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿಯವರು ಗೆದ್ದರು. ಕರ್ನಾಟಕದೊಡನೆ ವಿಲೀನವಾಗಬೇಕೆಂಬ ಬೇಡಿಕೆಯೇ ಈ ಗೆಲುವುಗಳ ಬಲವಾಗಿತ್ತು. ಆದರೆ 1970ರಲ್ಲಿ ಆ ಸ್ಥಾನ ಸಿಪಿಐನ ಎಂ. ರಾಮಪ್ಪನವರಿಗೆ ಹೋಯಿತು, 1977ರಲ್ಲಿಯೂ ಅವರೇ ಗೆದ್ದರು. 1980ರಲ್ಲಿ ಅದೇ ಪಕ್ಷದ ಎ. ಸುಬ್ಬರಾವ್ ಆಯ್ಕೆಯಾದರು. ಮಹಾಜನ ವರದಿ ಬಂದು ಮೂರೇ ವರ್ಷಗಳಲ್ಲಿ, ಅದು ಜಾರಿಯಾಗದೆ ಉಳಿದಿದ್ದ ಹೊತ್ತಿನಲ್ಲಿಯೇ, ಮತದಾರರು ಭಾಷೆಯ ಅಭ್ಯರ್ಥಿಯನ್ನು ಬಿಟ್ಟು ಭೂಮಿಯ ಪಕ್ಷದ ಕಡೆಗೆ ವಾಲಿದರು. ಕೇರಳದ ಭೂಸುಧಾರಣಾ ಕಾಯಿದೆಯ ಮಹತ್ವದ ತಿದ್ದುಪಡಿ ಜಾರಿಗೆ ಬಂದು ಜಮೀನ್ದಾರಿ ಹಕ್ಕು ಕೊನೆಗೊಂಡದ್ದು 1970ರ ಜನವರಿ 1ರಂದು ಎಂಬುದನ್ನು ಇಲ್ಲಿ ನೆನೆಯಬೇಕು. ಗೇಣಿದಾರನಾಗಿದ್ದ ಕನ್ನಡಿಗನಿಗೂ ತುಳುವನಿಗೂ ಭಾಷೆಯ ಪ್ರಶ್ನೆ ಮುಗಿದಿತ್ತೆಂದು ಇದರಿಂದ ಹೇಳಲಾಗದು. ಅದರ ಪಕ್ಕದಲ್ಲಿ ಬೇರೊಂದು ಪ್ರಶ್ನೆ ಬಂದು ನಿಂತಿತ್ತು ಎಂದಷ್ಟೇ ಹೇಳಬಹುದು.

ಇಂದಿರಾ ಗಾಂಧಿಯವರ ಕುರಿತ ಅಭಿಪ್ರಾಯವನ್ನು ಅಳೆಯುವವರಿಗೆ ಈ ಕ್ಷೇತ್ರ ಇನ್ನೊಂದು ಎಚ್ಚರಿಕೆಯನ್ನೂ ನೀಡುತ್ತದೆ. 1977ರಲ್ಲಿ ಕೇರಳದ ಸಿಪಿಐ ಕಾಂಗ್ರೆಸ್ಸಿನ ಮಿತ್ರಪಕ್ಷ. ಆ ವರ್ಷ ರಾಮಪ್ಪನವರಿಗೆ ಬಿದ್ದ ಮತ, ರಾಜ್ಯದ ಲೆಕ್ಕದಲ್ಲಿ, ತುರ್ತುಪರಿಸ್ಥಿತಿಯ ಪರವಾದ ಮತವಾಯಿತು. 1980ರ ಹೊತ್ತಿಗೆ ಸಿಪಿಐ ಎಡರಂಗಕ್ಕೆ ಮರಳಿತ್ತು. ಸುಬ್ಬರಾವ್ ಅವರಿಗೆ ಬಿದ್ದ ಮತ ಇಂದಿರಾ ವಿರೋಧಿ ಮತವಾಯಿತು. ಮಂಜೇಶ್ವರವನ್ನೂ ಒಳಗೊಂಡ ಕಾಸರಗೋಡು ಲೋಕಸಭಾ ಕ್ಷೇತ್ರ 1977ರಲ್ಲಿ ಕಾಂಗ್ರೆಸ್ಸಿನ ಕಡನ್ನಪ್ಪಳ್ಳಿ ರಾಮಚಂದ್ರನ್ ಅವರನ್ನು ಆರಿಸಿ, 1980ರಲ್ಲಿ ಸಿಪಿಎಂನ ಎಂ. ರಾಮಣ್ಣ ರೈಯವರನ್ನು ಆರಿಸಿತು. ಮೂರು ವರ್ಷಗಳಲ್ಲಿ ಒಂದೇ ಪಕ್ಷಕ್ಕೆ ನಿಷ್ಠನಾಗಿ ಉಳಿದ ಮತದಾರ ಅಂಕಿಅಂಶಗಳಲ್ಲಿ ಒಮ್ಮೆ ಇಂದಿರಾ ಬೆಂಬಲಿಗ, ಇನ್ನೊಮ್ಮೆ ವಿರೋಧಿ. ಬದಲಾದದ್ದು ತಿರುವನಂತಪುರದಲ್ಲಿ ಏರ್ಪಟ್ಟ ಮೈತ್ರಿ. ಅವನ ಮನಸ್ಸೂ ಬದಲಾಗಿತ್ತೇ ಎಂಬುದಕ್ಕೆ ಫಲಿತಾಂಶದಲ್ಲಿ ಉತ್ತರವಿಲ್ಲ.

ಮತದಾನವನ್ನು ಬಿಟ್ಟರೆ ಅಭಿಪ್ರಾಯದ ಮತ್ತೊಂದು ಆಕರ ಪತ್ರಿಕೆ. 1975ರ ಜೂನ್ 25ರ ರಾತ್ರಿಯಿಂದ ಜಾರಿಗೆ ಬಂದ ತುರ್ತುಪರಿಸ್ಥಿತಿಯಲ್ಲಿ ಪತ್ರಿಕೆಗಳು ಪೂರ್ವಪರಿಶೀಲನೆಗೆ ಒಳಪಟ್ಟವು. ಕಾಸರಗೋಡಿನ ಕನ್ನಡಿಗನಿಗೆ ಮಂಗಳೂರು ಮತ್ತು ಮಣಿಪಾಲದ ಪತ್ರಿಕೆಗಳು, ಸೊಲ್ಲಾಪುರದವನಿಗೆ ಹುಬ್ಬಳ್ಳಿಯ ಪತ್ರಿಕೆ, ಜೊತೆಗೆ ತಾನಿರುವ ರಾಜ್ಯದ ಭಾಷೆಯ ಪತ್ರಿಕೆ, ಹೀಗೆ ಎರಡು ಭಾಷೆಗಳ ಸುದ್ದಿಮೂಲ ಇತ್ತಾದರೂ ಎರಡರ ಬಾಯಿಯೂ ಏಕಕಾಲಕ್ಕೆ ಮುಚ್ಚಿತ್ತು. ಕೇರಳದ ಇಂಜಿನಿಯರಿಂಗ್ ವಿದ್ಯಾರ್ಥಿ ಪಿ. ರಾಜನ್ 1976ರ ಮಾರ್ಚಿನಲ್ಲಿ ಪೊಲೀಸರ ವಶದಲ್ಲಿ ಕಣ್ಮರೆಯಾದನು. ತಂದೆ ಈಚರ ವಾರಿಯರ್ ಸಲ್ಲಿಸಿದ ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ಆ ಸತ್ಯ ನ್ಯಾಯಾಲಯದಲ್ಲಿ ಬಯಲಾಗಿ, ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಟ್ಟದ್ದು 1977ರ ಏಪ್ರಿಲಿನಲ್ಲಿ, ಅಂದರೆ ಮತದಾನ ಮುಗಿದ ಮೇಲೆ. ಬೆಂಗಳೂರಿನ ಸೆರೆಮನೆಯಲ್ಲಿ ಅಸ್ವಸ್ಥರಾಗಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ 1977ರ ಜನವರಿಯಲ್ಲಿ ತೀರಿಕೊಂಡ ನಟಿ ಸ್ನೇಹಲತಾ ರೆಡ್ಡಿಯವರ ಯಾತನೆಯನ್ನು ಕೂಡ ಜನ ವಿವರವಾಗಿ ಅರಿತದ್ದು ಅನಂತರವೇ. ದಕ್ಷಿಣವು ತುರ್ತುಪರಿಸ್ಥಿತಿಯನ್ನು ಒಪ್ಪಿತು ಎನ್ನುವ ಮುನ್ನ, ಒಪ್ಪುವ ಅಥವಾ ಒಪ್ಪದಿರುವ ವಿಷಯ ಎಷ್ಟರಮಟ್ಟಿಗೆ ಜನರ ಮುಂದಿತ್ತು ಎಂದು ಕೇಳಬೇಕಾಗುತ್ತದೆ. ಪದ್ಮಭೂಷಣವನ್ನು ಹಿಂದಿರುಗಿಸಿದ ಶಿವರಾಮ ಕಾರಂತರಂಥವರ ಪ್ರತಿಭಟನೆ, ಮೌನ ವ್ಯಾಪಕವಾಗಿತ್ತಾದರೂ ಸಂಪೂರ್ಣವಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ.

ಪೂರ್ವದ ಗಡಿಯಲ್ಲಿ ಕಥೆ ಬೇರೆ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ್ದವು. ಮಹಾಜನ ಆಯೋಗದ ವ್ಯಾಪ್ತಿಗೆ ಅವು ಬರಲೇ ಇಲ್ಲ. 1977ರಲ್ಲಿ ಆಂಧ್ರದಲ್ಲಿ ಕಾಂಗ್ರೆಸ್ ಕಳೆದುಕೊಂಡ ಒಂದೇ ಸ್ಥಾನ ನಂದ್ಯಾಲ; ಗೆದ್ದವರು ಅನಂತಪುರ ಜಿಲ್ಲೆಯ ನೀಲಂ ಸಂಜೀವ ರೆಡ್ಡಿ. ಆದ್ದರಿಂದ ಆದವಾನಿ, ರಾಯದುರ್ಗ, ಮಡಕಶಿರ ಸೀಮೆಗಳು ಕಾಂಗ್ರೆಸ್ ಗೆದ್ದ ಕ್ಷೇತ್ರಗಳಲ್ಲಿಯೇ ಇದ್ದವು. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ಇದೇ ಸಂಜೀವ ರೆಡ್ಡಿಯವರ ಉಮೇದುವಾರಿಕೆಯ ಸುತ್ತ ಕಾಂಗ್ರೆಸ್ ಒಡೆಯಿತು; ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಉಚ್ಚಾಟಿಸಿದ ಅಧ್ಯಕ್ಷರು ಎಸ್. ನಿಜಲಿಂಗಪ್ಪ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ, ಗಡಿಯಾಚೆಯ ಕನ್ನಡಿಗರಿಗೂ ಏಕೀಕರಣದ ಹೆಸರಿನೊಡನೆ ಪರಿಚಿತರಾಗಿದ್ದ ನಾಯಕ ಒಂದು ಕಡೆ, ಬ್ಯಾಂಕ್ ರಾಷ್ಟ್ರೀಕರಣದ ಪ್ರಧಾನಿ ಇನ್ನೊಂದು ಕಡೆ. 1971ರಲ್ಲಿ ಮೈಸೂರು ರಾಜ್ಯ ತನ್ನ 27 ಸ್ಥಾನಗಳನ್ನೂ ಇಂದಿರಾ ಪಕ್ಷಕ್ಕೆ ಕೊಟ್ಟಿತು. ಏಕೀಕರಣದ ಹಿರಿಮೆ ಸ್ವಂತ ರಾಜ್ಯದಲ್ಲಿಯೇ ಮತವಾಗಿ ಪರಿವರ್ತನೆಯಾಗಲಿಲ್ಲ.

ಮಹಾರಾಷ್ಟ್ರದ ಗಡಿಯಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಮತ್ತು ಕರ್ನಾಟಕದಲ್ಲಿ ಆಳುತ್ತಿದ್ದದ್ದು ಒಂದೇ ಪಕ್ಷ. ಗಡಿ ವಿವಾದದಲ್ಲಿ ಅದರ ಎರಡು ರಾಜ್ಯ ಘಟಕಗಳು ಎದುರುಬದುರಾಗಿ ನಿಂತಿದ್ದವು. ಮುಂಬಯಿಯಲ್ಲಿದ್ದ ವಿರೋಧ ಪಕ್ಷಗಳೂ ಮಹಾಜನ ವರದಿಗೆ ವಿರೋಧಿಗಳೇ. ಹೀಗಾಗಿ ವರದಿಯನ್ನು ಜಾರಿ ಮಾಡದ ಪ್ರಧಾನಿಯ ಮೇಲೆ ಅಕ್ಕಲಕೋಟೆಯ ಅಥವಾ ಜತ್ತದ ಕನ್ನಡಿಗನಿಗೆ ಸಿಟ್ಟಿದ್ದರೂ ಅದನ್ನು ಚಲಾಯಿಸಬಹುದಾದ ಚಿಹ್ನೆ ಮತಪತ್ರದಲ್ಲಿರಲಿಲ್ಲ. ಆಯ್ಕೆಯೇ ಇಲ್ಲದಲ್ಲಿ ಹಾಕಿದ ಮತವನ್ನು ಸಮ್ಮತಿಯೆಂದು ಕರೆಯುವುದು ಇತಿಹಾಸಕಾರನಿಗೆ ಸುಲಭ, ನ್ಯಾಯವಲ್ಲ.

1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ ನಡೆಯಿತು. ಡಿ.ಬಿ. ಚಂದ್ರೇಗೌಡರು ತೆರವುಗೊಳಿಸಿದ ಸ್ಥಾನದಲ್ಲಿ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. 1980ರಲ್ಲಿ ಅವರು ರಾಯಬರೇಲಿಯ ಜೊತೆಗೆ ಆಂಧ್ರದ ಮೆದಕ್‌ನಲ್ಲೂ ಗೆದ್ದು, ಮೆದಕ್ ಸ್ಥಾನವನ್ನೇ ಉಳಿಸಿಕೊಂಡರು. ಅಂದಿನ ಮೆದಕ್ ಜಿಲ್ಲೆಗೆ ಸೇರಿದ್ದ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು. ಚಿಕ್ಕಮಗಳೂರಿನ ಫಲಿತಾಂಶವನ್ನು ಕನ್ನಡಿಗರ ತೀರ್ಪೆಂದು ದೇಶ ಓದಿತು. ಮೆದಕ್‌ನದು ತೆಲುಗರ ತೀರ್ಪೆಂದು ದಾಖಲಾಯಿತು. ಹಳೆಯ ಬೀದರ್ ಸೀಮೆಯ ಕನ್ನಡದ ಮನೆಗಳಿಗೆ ಈ ಎರಡು ಓದುಗಳಲ್ಲಿ ಯಾವುದರಲ್ಲೂ ಎಡೆಯಿರಲಿಲ್ಲ.

ಅದೇ 1980ರ ಚುನಾವಣೆ ಕರ್ನಾಟಕದ ಬಗೆಗಿನ ಸುಲಭ ವಿವರಣೆಯನ್ನೂ ಅಲುಗಾಡಿಸುತ್ತದೆ. 1977ರ ಗೆಲುವು ಅರಸರ ಸುಧಾರಣೆಗಳ ಫಲವಾಗಿದ್ದರೆ, 1979ರಲ್ಲಿ ಇಂದಿರಾ ಅವರಿಂದ ಬೇರ್ಪಟ್ಟ ಅರಸರಿಗೆ ಅದರಲ್ಲಿ ಪಾಲು ಸಿಗಬೇಕಿತ್ತು. ಕಾಂಗ್ರೆಸ್ (ಐ) 28ರಲ್ಲಿ 27 ಸ್ಥಾನ ಗೆದ್ದಿತು, ಉಳಿದ ಒಂದು ಜನತಾ ಪಕ್ಷಕ್ಕೆ ಹೋಯಿತು. ಅರಸರ ಪಕ್ಷಕ್ಕೆ ಒಂದೂ ಬರಲಿಲ್ಲ. ರಾಜ್ಯ ಸರ್ಕಾರ ಕೊಟ್ಟ ಭೂಮಿಯ ಶ್ರೇಯಸ್ಸನ್ನು ಮತದಾರರು ದೆಹಲಿಯ ನಾಯಕಿಯ ಖಾತೆಗೆ ಬರೆದಿದ್ದರು.

ಆ ಖಾತೆ ಬರಿದಾದದ್ದು 1983ರ ಜನವರಿಯಲ್ಲಿ. ಆಂಧ್ರದಲ್ಲಿ ಎನ್.ಟಿ. ರಾಮರಾವ್ ಅವರು ಹಿಂದಿನ ವರ್ಷದ ಮಾರ್ಚಿನಲ್ಲಿ ಸ್ಥಾಪಿಸಿದ್ದ ತೆಲುಗುದೇಶಂ ಅಧಿಕಾರಕ್ಕೆ ಬಂತು. ಕರ್ನಾಟಕದಲ್ಲಿ ಜನತಾ ಪಕ್ಷ 95, ಕಾಂಗ್ರೆಸ್ 82 ಸ್ಥಾನ ಪಡೆದು ರಾಜ್ಯದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದಿತು. ದಕ್ಷಿಣದಲ್ಲಿ ಇಂದಿರಾ ವಿರೋಧ ಕಡೆಗೂ ಬಾಯಿ ತೆರೆದಾಗ ಅದು ಹೆಚ್ಚಾಗಿ ಭಾಷಾಭಿಮಾನದ ನುಡಿಯಲ್ಲಿ ಮಾತನಾಡಿತು. ಆಂಧ್ರದಲ್ಲಿ ತೆಲುಗರ ಆತ್ಮಗೌರವ ಚುನಾವಣೆಯ ಘೋಷಣೆಯಾಯಿತು. ಕರ್ನಾಟಕದಲ್ಲಿ 1982ರ ಗೋಕಾಕ್ ಚಳವಳಿ ಸರ್ಕಾರದ ವಿರುದ್ಧದ ಅಸಮಾಧಾನಕ್ಕೆ ಕನ್ನಡದ ಕಾವು ಕೊಟ್ಟಿತು. ಮಡಕಶಿರದ ಕನ್ನಡಿಗ ದೆಹಲಿಯ ದರ್ಪದ ವಿರುದ್ಧ ಮತ ಹಾಕಬೇಕಾದರೆ ತೆಲುಗರ ಸ್ವಾಭಿಮಾನದ ಹೆಸರಿನಲ್ಲಿ ಹಾಕಬೇಕಿತ್ತು. ಗೋಕಾಕ್ ವರದಿಯ ಕನ್ನಡ, ರಾಜ್ಯದೊಳಗಿನ ಶಾಲೆಗಳ ಕನ್ನಡ. ಗಡಿಯಾಚೆಯ ಶಾಲೆಗೆ ಅದರ ಅನ್ವಯವಿರಲಿಲ್ಲ. ಬೆಂಬಲದ ಕಾಲದಲ್ಲಿ ರಾಜ್ಯದ ಸಂಖ್ಯೆಯೊಳಗೆ ಕರಗಿದ ಈ ಜನ ವಿರೋಧದ ಕಾಲದಲ್ಲಿ ಬಹುಸಂಖ್ಯಾತರ ಭಾಷೆಯೊಳಗೆ ಕರಗಿದರು.

ಗಡಿನಾಡಿನ ಕುರಿತ ಸಂಶೋಧನೆಯೂ ಈ ಕರಗುವಿಕೆಗೆ ಸ್ವಲ್ಪ ಮಟ್ಟಿಗೆ ಹೊಣೆಯಾಗಿದೆ. ಆಯೋಗಗಳು, ಮನವಿಪತ್ರಗಳು, ವಿಲೀನ ಚಳವಳಿಗಳು, ಶಾಲೆಗಳ ಅಳಿವು ಉಳಿವುಗಳ ಬಗ್ಗೆ ಸಾಕಷ್ಟು ಬರೆಯಲಾಗಿದೆ. ಬ್ಯಾಂಕ್ ರಾಷ್ಟ್ರೀಕರಣವನ್ನು, ಬಾಂಗ್ಲಾ ಯುದ್ಧವನ್ನು, ತುರ್ತುಪರಿಸ್ಥಿತಿಯನ್ನು ಇದೇ ಜನ ಹೇಗೆ ಕಂಡರು ಎಂಬ ಪ್ರಶ್ನೆ ಅಪರೂಪ. ಭಾಷಾ ಅಲ್ಪಸಂಖ್ಯಾತನಿಗೆ ಭಾಷೆಯ ಕುರಿತು ಮಾತ್ರ ಅಭಿಪ್ರಾಯವಿರುತ್ತದೆ ಎಂದು ನಂಬುವುದೆಂದರೆ ಅವನನ್ನು ಅರ್ಧ ಪ್ರಜೆಯೆಂದು ಎಣಿಸಿದಂತೆ. ಮಂಜೇಶ್ವರದ 1970ರ ಫಲಿತಾಂಶ ಈ ನಂಬಿಕೆಯನ್ನು ಆಗಲೇ ಸುಳ್ಳಾಗಿಸಿತ್ತು.

ಇದಕ್ಕೆ ಬೇಕಾದ ಆಕರಗಳು ಪೂರ್ತಿ ಕೈಮೀರಿಲ್ಲ. ಲೋಕಸಭೆಯ ಲೆಕ್ಕಕ್ಕಿಂತ ವಿಧಾನಸಭಾ ಕ್ಷೇತ್ರಗಳ, ಪಂಚಾಯಿತಿಗಳ ಫಲಿತಾಂಶಗಳನ್ನು ಮೈತ್ರಿಗಳ ಬದಲಾವಣೆಯೊಡನೆ ಇಟ್ಟು ಓದಬೇಕು. ಕನ್ನಡ ಸಂಘಗಳ ನಡಾವಳಿಗಳು, ಅಧ್ಯಾಪಕರ ಸಂಘಟನೆಗಳ ಕಡತಗಳು, ಪತ್ರಿಕೆಗಳ ವಾಚಕರ ವಾಣಿ ಇವುಗಳನ್ನು ಕನ್ನಡದಲ್ಲಷ್ಟೇ ಹುಡುಕದೆ ಮಲಯಾಳ, ಮರಾಠಿ, ತೆಲುಗು, ತಮಿಳುಗಳಲ್ಲೂ ಹುಡುಕಬೇಕು; ಯಾಕೆಂದರೆ ದ್ವಿಭಾಷಿಕ ಪ್ರಜೆ ತನ್ನ ಮನೆಯ ಮಾತನ್ನು ಒಂದು ಭಾಷೆಯಲ್ಲಿಯೂ ದೇಶದ ಮಾತನ್ನು ಇನ್ನೊಂದರಲ್ಲಿಯೂ ಆಡಿರುವ ಸಾಧ್ಯತೆ ಹೆಚ್ಚು. ತುರ್ತುಪರಿಸ್ಥಿತಿಯ ದಿನಗಳನ್ನು ಪ್ರೌಢರಾಗಿ ಕಂಡವರಲ್ಲಿ ಹಲವರು ಇಂದಿಗೂ ಇದ್ದಾರೆ. ಅವರ ಮಾತನ್ನು ಬರೆದಿಟ್ಟುಕೊಳ್ಳುವ ಅವಧಿ ಮಾತ್ರ ದೀರ್ಘವಾಗಿಲ್ಲ.